ಹೌದು, ಹಾವು ಬರುತ್ತವೆ. ಮುಂದಿನ ಪ್ರಶ್ನೆ ಕೇಳಿ

ನಮ್ಮ ಹೊಲದ ಗೇಟಿನ ಮುಂದೆ ನಿಂತವರು ಮೊದಲು ಕೇಳುವುದು ಒಂದೇ: "ಇಷ್ಟು ಗಿಡ ಬೆಳೆಸೀರಿ, ಹಾವು ಬರಲ್ಲೇನ್ರಿ?"

ಬರುತ್ತವೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಓದಿದ ಮೇಲೂ ಕೇಳಿದರೆ ಬೈಯುತ್ತೇನೆ.

ಹೊಲ ಅಂದರೆ ದೊಡ್ಡದೇನಲ್ಲ. ರಾಯಚೂರಿನ ಅಂಚಿನಲ್ಲಿ ಹತ್ತು ಗುಂಟೆ, ಅಂದರೆ ಕಾಲು ಎಕರೆ. ಅಪ್ಪ ಇಲ್ಲಿ ಹತ್ತಿ ಹಾಕುತ್ತಿದ್ದಾಗ ಸುತ್ತ ಎಲ್ಲ ಹೊಲಗಳೇ. ಆಮೇಲೆ ಲೇಔಟ್ ಆಯಿತು. ಈಗ ಮೂರು ಕಡೆ ಮನೆ, ಒಂದು ಕಡೆ ಖಾಲಿ ಸೈಟು. ನನ್ನ ಹತ್ತು ಗುಂಟೆಯಲ್ಲಿ ಬೇವು, ಹೊಂಗೆ, ನುಗ್ಗೆ, ಚೊಗಚೆ ಇವೆ. ಅವುಗಳ ಮಧ್ಯೆ ಪೇರಲ, ಸೀತಾಫಲ, ನಿಂಬೆ, ಕರಿಬೇವು. ಇನ್ನೂ ಕೆಳಗೆ ಅರಿಶಿಣ, ಕೆಸು, ಪುಂಡಿ, ರಾಜಗಿರಿ. ನೆಲ ಕಾಣದ ಹಾಗೆ ಒಣ ಎಲೆ, ಭತ್ತದ ಹುಲ್ಲು, ತೊಗರಿ ಕಟ್ಟಿಗೆಯ ಚೂರು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಇಂಥ ಬೇಸಾಯಕ್ಕೆ ಪರ್ಮಾಕಲ್ಚರ್ ಅಂತ ಹೆಸರಿಟ್ಟರು. ಮರದ ಜೊತೆಗೇ ಬೆಳೆ ಬೆಳೆಯುವುದಕ್ಕೆ ನಮ್ಮ ಇಲಾಖೆಯವರು ಕೃಷಿ ಅರಣ್ಯ ಅನ್ನುತ್ತಾರೆ. ನಮ್ಮ ಓಣಿಯವರು ಅಡವಿ ಅನ್ನುತ್ತಾರೆ.

ಪ್ರಶ್ನೆ ಕೇಳುವುದಕ್ಕೆ ನನ್ನ ತಕರಾರಿಲ್ಲ. ಕೇಳುವ ಧಾಟಿಗೆ ಇದೆ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹಿಂದಿನ ಸಾಲಿನ ಮನೆಯ ಯಜಮಾನರು ಫೋನ್ ಮಾಡಿದರು.

"ಅಕ್ಕಾರ, ನಿಮ್ಮ ಹಾವು ನಮ್ಮ ಮನ್ಯಾಗ ಬಂದದ."

ನಿಮ್ಮ ಹಾವು! ನಾನೇನು ಅದರ ಕೊರಳಿಗೆ ಪಟ್ಟಿ ಕಟ್ಟಿ ಬಿಟ್ಟಿದ್ದೆನಾ? "ನಮ್ಮದು ಅಂತ ಹೆಂಗ ಗೊತ್ತಾತ್ರಿ?" ಅಂದೆ. "ಮತ್ತ ಯಾರದಿರ್ತದ?" ಅಂದರು. ತಟ್ಟೆ ಮುಚ್ಚಿಟ್ಟು ಹೋದೆ. ಮನೆಯವರೆಲ್ಲ ಸೋಫಾ ಮೇಲೆ ಹತ್ತಿ ನಿಂತಿದ್ದರು, ಅಜ್ಜಿ ಸಮೇತ. ವಾಷಿಂಗ್ ಮಷೀನ್ ಹಿಂದೆ ಉದ್ದನೆಯ ಕೇರೆ ಹಾವು, ಪಾಪ, ಅದಕ್ಕೂ ಗಾಬರಿ. ಕೇರೆಗೆ ವಿಷ ಇಲ್ಲ. ಹಗಲು ಓಡಾಡುತ್ತದೆ, ಇಲಿ ತಿನ್ನುತ್ತದೆ. ಹಾವು ಹಿಡಿಯುವ ಹುಡುಗ ಬಂದು ಚೀಲಕ್ಕೆ ಹಾಕಿಕೊಳ್ಳುವವರೆಗೆ ನಾನು ಅವರ ಹಿತ್ತಲ ಬಾಗಿಲು ತೆಗೆದು ನೋಡಿದೆ. ಕಾಂಪೌಂಡಿನ ಆಚೆ ಖಾಲಿ ಸೈಟಿನಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ಅದರ ಬುಡದಲ್ಲಿ ಮನೆ ಕಟ್ಟಿ ಉಳಿದ ಇಟ್ಟಿಗೆ, ಒಡೆದ ಟೈಲ್ಸು, ಹಳೆಯ ಹಾಸಿಗೆ. ಮೇಲೆ ಯಾರದೋ ಕಾರ್ಯಕ್ರಮದ ಎಂಜಲು ಎಲೆಗಳು. ಅನ್ನ ಚೆಲ್ಲಿದ ಕಡೆ ಇಲಿ, ಇಟ್ಟಿಗೆ ಸಂದಿಯಲ್ಲಿ ಇಲಿಗೆ ಮನೆ, ಇಲಿ ಇದ್ದಲ್ಲಿಗೆ ಕೇರೆ. ಅಷ್ಟೂ ವ್ಯವಸ್ಥೆ ಅವರೇ ಮಾಡಿಕೊಟ್ಟಿದ್ದರು. ನನ್ನ ಹೊಲಕ್ಕೂ ಅವರ ಮನೆಗೂ ನಡುವೆ ಒಂದು ಡಾಂಬರು ರಸ್ತೆ, ಎರಡು ಮನೆ.

ಅದನ್ನೇ ಹೇಳಿದೆ. ಅವರು ಕೇಳಿಸಿಕೊಂಡು, "ಆದರೂ ನೀವು ಆ ಎಲಿ ಸ್ವಲ್ಪ ಸುಟ್ಟುಬಿಡ್ರಿ" ಅಂದರು.

ಇನ್ನೊಂದು ಮಾತು. ಅದೇ ಮನೆಯ ಹೆಣ್ಣುಮಕ್ಕಳು ನಾಗರ ಪಂಚಮಿ ದಿನ ಹಾಲಿನ ಗಿಂಡಿ ಹಿಡಿದು ನಮ್ಮ ಗೇಟಿಗೇ ಬರುತ್ತಾರೆ. ಲೇಔಟಿನಲ್ಲಿ ಹುತ್ತ ಉಳಿದಿಲ್ಲ, ನಮ್ಮ ಬೇವಿನ ಬುಡದಲ್ಲಿ ಒಂದಿದೆ. ಆ ದಿನ ಮಾತ್ರ ಹಾವು ಎಲ್ಲರದ್ದು.

ಎಲೆ ಸುಡಿ, ನೆಲ ಸ್ವಚ್ಛ ಮಾಡಿ ಅನ್ನುವವರು ಒಮ್ಮೆ ಏಪ್ರಿಲ್‌ನಲ್ಲಿ ಬರಿ ಎರೆ ಹೊಲ ನೋಡಬೇಕು. ನಮ್ಮ ಕಪ್ಪು ಮಣ್ಣು ಒಣಗಿದರೆ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಆ ಬಿರುಕಿನಲ್ಲಿ ಚೇಳು, ಕಪ್ಪೆ, ಇಲಿ, ಹಾವು ಎಲ್ಲ ಇಳಿಯುತ್ತವೆ. ಒಂದು ಹುಲ್ಲುಕಡ್ಡಿಯೂ ಇಲ್ಲದ 'ಸ್ವಚ್ಛ' ನೆಲ ಅದು. ಎಲೆ ಹೊದಿಸಿದ ಕಡೆ ತೇವ ಬೇಗ ಆರುವುದಿಲ್ಲ, ಅದಕ್ಕೇ ಬಿರುಕೂ ಕಡಿಮೆ.

ಹಾಗಂತ ನಾನು ಹಾವಿಗೆ ಹೆದರುವುದಿಲ್ಲ ಅಂತಲ್ಲ. ಹೆದರುತ್ತೇನೆ, ಬೇಕಾದಷ್ಟು. ನಮ್ಮ ಕಡೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕೂ ಇವೆ. ನಮ್ಮ ದೇಶದಲ್ಲಿ ಸಿಗುವ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಮಾಡುವುದು ಈ ನಾಲ್ಕರ ವಿಷಕ್ಕೇ. ಅದಕ್ಕೇ ಮೊಣಕಾಲವರೆಗಿನ ಬೂಟು ಹಾಕದೆ ಒಳಗೆ ಕಾಲಿಡುವುದಿಲ್ಲ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಹೋಗುವುದಿಲ್ಲ. ಹುಲ್ಲಿನ ರಾಶಿಗೆ ಕೈ ಹಾಕುವುದಿಲ್ಲ, ಮೊದಲು ಕೋಲಿನಿಂದ ಬಡಿದು ಆಮೇಲೆ ಸಲಿಕೆಯಿಂದ ಎಳೆಯುತ್ತೇನೆ. ಮನೆ ಗೋಡೆಗೆ ತಾಗಿ ಎಲೆ ಹೊದಿಸಿಲ್ಲ, ಅಲ್ಲಿ ಗುಡಿಸಿದ ಅಂಗಳ. ಅಂಗಳದ ಅಂಚಿಗೆ ದಿನಾ ಬೇಕಾಗುವ ಕರಿಬೇವು, ಕೊತ್ತಂಬರಿ, ಮೆಂತ್ಯ. ಕಟ್ಟಿಗೆ, ತಿಪ್ಪೆ ಎಲ್ಲ ದೂರದ ಮೂಲೆಯಲ್ಲಿ. ಜಾಸ್ತಿ ಸಲ ಹೋಗುವ ಜಾಗ ಹತ್ತಿರ, ಅಪರೂಪಕ್ಕೆ ಹೋಗುವ ಜಾಗ ದೂರ: ಪರ್ಮಾಕಲ್ಚರ್‌ನ ಮೊದಲ ಪಾಠವೇ ಇದು. ನಮ್ಮ ಅಮ್ಮ ಅದನ್ನು ಯಾವ ಪಾಠವೂ ಇಲ್ಲದೆ ಮಾಡುತ್ತಿದ್ದಳು.

ಬೆಳ್ಳುಳ್ಳಿ ಜಜ್ಜಿ ಹಾಕಿ, ಫಿನಾಯಿಲ್ ಸುರಿಯಿರಿ, ಆ ಬಳ್ಳಿ ಹಚ್ಚಿ ಅಂತ ಹೇಳುವವರಿಗೆ ದೊಡ್ಡ ನಮಸ್ಕಾರ. ಅದರಿಂದ ಹಾವು ನಿಲ್ಲುವುದಿಲ್ಲ. ಕಟ್ಟುಹಾವು ರಾತ್ರಿ ಮನೆಯೊಳಗೇ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೂ ಆಗುವುದಿಲ್ಲ. ಮಂಚ, ಸೊಳ್ಳೆಪರದೆ ಫಿನಾಯಿಲ್‌ಗಿಂತ ಮೇಲು. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬಾಯಿಟ್ಟು ಹೀರಬೇಡಿ. ಕಚ್ಚಿದ ಕೈಕಾಲು ಆಡಿಸದೆ ಸೀದಾ ಆಸ್ಪತ್ರೆಗೆ ಹೋಗಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಬೇಕು. ಹೊಡೆದು ಕೊಲ್ಲಲು ಹೋಗಬೇಡಿ. ಅದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಹೊಡೆಯಲು ಹೋದಾಗಲೇ ಕಚ್ಚಿಸಿಕೊಳ್ಳುವವರು ಬಹಳ.

ಆಯ್ತಲ್ಲ? ಹಾವು ಮುಗಿಯಿತು.

ಈಗ ಯಾರೂ ಕೇಳದ ಪ್ರಶ್ನೆ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಉಷ್ಣಾಂಶ 43, 44 ಡಿಗ್ರಿಗೆ ಹೋಗುತ್ತದೆ. ಮಧ್ಯಾಹ್ನ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅಂಥ ದಿನ ನಮ್ಮ ಗೇಟಿನ ಮುಂದೆ, ನಮ್ಮದೇ ಬೇವಿನ ನೆರಳಲ್ಲಿ ಬೆವರು ಒರೆಸಿಕೊಂಡು ನಿಂತು ಹಾವಿನ ವಿಷಯ ಕೇಳುತ್ತಾರೆ. "ಈ ಬಿಸಿಲಾಗ ಇಲ್ಲಿ ಸೊಪ್ಪು ಹೆಂಗ ಬದುಕ್ಯದ?" ಅಂತ ಒಬ್ಬರಾದರೂ ಕೇಳಬಾರದಾ? ನಾನು ಟೀ ಕೊಟ್ಟು ಹೇಳುತ್ತೇನೆ!

ಕೇಳದಿದ್ದರೂ ಹೇಳುತ್ತೇನೆ. ಮೊದಲು ತರಕಾರಿ ಹಾಕಲೇಬಾರದು, ನೆರಳು ಹಾಕಬೇಕು. ಮೊದಲ ಮಳೆಗೆ ತೊಗರಿ, ಸೆಣಬು, ಔಡಲ ಒತ್ತಾಗಿ ಬಿತ್ತಿ. ಬೇಗ ಬೆಳೆಯುತ್ತವೆ. ತೊಗರಿ, ಸೆಣಬಿನ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅವುಗಳ ಮರೆಯಲ್ಲಿ ಪೇರಲ, ಸೀತಾಫಲ, ನಿಂಬೆಯ ಸಸಿ ಇಡಿ. ಬರಿ ಬಯಲಲ್ಲಿ ಇಟ್ಟ ಸಸಿ ಮೊದಲ ಬೇಸಿಗೆ ದಾಟುವುದು ಕಷ್ಟ. ಪಶ್ಚಿಮದ ಕಡೆ ದಟ್ಟವಾಗಿ ಹೊಂಗೆ, ಬೇವು, ಗೊಬ್ಬರಗಿಡ (ಗ್ಲಿರಿಸಿಡಿಯಾ) ಹಚ್ಚಿ, ಯಾಕಂದರೆ ಎಲೆ ಸುಡುವುದು ಮಧ್ಯಾಹ್ನದ ಮೇಲಿನ ಬಿಸಿಲು. ಬೇವು, ಹೊಂಗೆಯ ಜಾಣತನ ನೋಡಿ: ಬೇಸಿಗೆ ಶುರುವಿಗೆ ಎಲೆ ಉದುರಿಸಿ, ಯುಗಾದಿಯ ಆಸುಪಾಸು, ನೆರಳು ಬೇಕೇ ಬೇಕು ಅನ್ನುವ ಹೊತ್ತಿಗೆ, ಹೊಸ ಎಲೆ ತುಂಬಿಕೊಳ್ಳುತ್ತವೆ. ಉದುರಿದ ಎಲೆ ನೆಲಕ್ಕೆ ಹೊದಿಕೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೊಬ್ಬರಗಿಡ, ಚೊಗಚೆಯ ಕೊಂಬೆ ಕಡಿದು ಅಲ್ಲೇ ಬೀಳಿಸುತ್ತೇನೆ. ಕೆಳಗಿನ ಬೆಳೆಗೆ ಬೆಳಕೂ ಆಯಿತು, ಗೊಬ್ಬರವೂ ಆಯಿತು. ಸಂಕ್ರಾಂತಿ ಕಳೆದರೆ ಕುಡಗೋಲು ಒಳಗಿಡುತ್ತೇನೆ.

ನೀರು? ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. ಹತ್ತು ಗುಂಟೆ ಮೇಲೆ ಅಷ್ಟು ಬಿದ್ದರೆ 6 ಲಕ್ಷ ಲೀಟರ್. ಅದು ಗಟಾರಕ್ಕೆ ಹೋಗದಂತೆ ಇಳಿಜಾರಿಗೆ ಅಡ್ಡ ಬದು ಹಾಕಿದ್ದೇನೆ, ಬದುವಿನ ಮೇಲೆ ಗಿಡ. ಎರೆ ಮಣ್ಣಿನಲ್ಲಿ ತಗ್ಗಿಗೆ ಗಿಡ ಇಟ್ಟರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದವರ ವಿಡಿಯೋ ನೋಡಿ ಇಲ್ಲಿ ಗುಂಡಿ ತೋಡಬೇಡಿ. ಬಚ್ಚಲ ನೀರು ಬಾಳೆ ಗುಂಡಿಗೆ ಹೋಗುತ್ತದೆ. ಗುಂಡಿ ತುಂಬ ಕಸಕಡ್ಡಿ ತುಂಬಿದ್ದೇನೆ, ನೀರು ಕಣ್ಣಿಗೆ ಕಾಣುವುದಿಲ್ಲ, ಸೊಳ್ಳೆಯೂ ಇಲ್ಲ.

ಹೊದಿಕೆಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಸಿಂಧನೂರು, ಮಾನ್ವಿ ಕಡೆ ಭತ್ತ ಕೊಯ್ದ ಮೇಲೆ ಎಷ್ಟೋ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಡುತ್ತಾರೆ. ಊರ ತುಂಬ ಅಕ್ಕಿ ಗಿರಣಿಗಳಿವೆ, ಹೊಟ್ಟು ಸಿಗುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಕೇಳಿದರೆ ರೈತರು ಒಯ್ಯಿರಿ ಅನ್ನುತ್ತಾರೆ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಮೈಮೇಲೆ ಬರುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಲಾಭ ಎಷ್ಟು, ಸೈಟು ಮಾಡಿ ಮಾರಿದರೆ ಎಷ್ಟು ಬರುತ್ತಿತ್ತು ಅನ್ನುವ ಪ್ರಶ್ನೆಗಳೂ ಇವೆ. ಅವಕ್ಕೆ ಇನ್ನೊಂದು ದಿನ ಸಿಟ್ಟು ಬಂದಾಗ ಬರೆಯುತ್ತೇನೆ.

ಗೊಬ್ಬರಗಿಡದ ಕಡ್ಡಿ ಬೇಕಾದವರು ಜೂನ್‌ನಲ್ಲಿ ಬನ್ನಿ, ಕಡಿಯುವ ದಿನ ಸುಮ್ನೆ ಕೊಡುತ್ತೇನೆ. ಹೆಬ್ಬೆರಳು ದಪ್ಪದ್ದು ಆರಿಸಿಕೊಳ್ಳಿ, ಮಳೆ ನೆಲಕ್ಕೆ ಊರಿದರೆ ಚಿಗುರುತ್ತದೆ. ಪುಂಡಿಪಲ್ಯಕ್ಕೆ ಮಾತ್ರ ದುಡ್ಡು ತನ್ನಿ.