ಗ್ಯಾಸ್ಕೆಟ್ ಮೇಲೊಂದು ಕೂದಲು

25 ಜನವರಿ 2026, ಭಾನುವಾರ ರಾತ್ರಿ, ಉಡುಪಿ

ಪರ್ಯಾಯದ ಗದ್ದಲ ಮುಗಿದು ವಾರವಾಯಿತು. ನಾಳೆ ರಜೆ. ಕತ್ತಲೆ ಇರುವಾಗಲೇ ಮುರ್ಡೇಶ್ವರಕ್ಕೆ ಹೊರಡಬೇಕು, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ನೀರೊಳಗೆ ಮೀನಿನ ಫೋಟೊ ತೆಗೆಯಲು. ಬ್ಯಾಗ್ ಇನ್ನೂ ತುಂಬಿಲ್ಲ. ಸಂಜೆಯಿಡೀ ಬಚ್ಚಲಲ್ಲೇ ಕಳೆದೆ.

ಕ್ಯಾಮೆರಾ ಹೊರಗಿಟ್ಟು, ಹೌಸಿಂಗ್ ಒಳಗೆ, ಅಂದರೆ ಕ್ಯಾಮೆರಾ ಒದ್ದೆಯಾಗದಂತೆ ಹಾಕುವ ಡಬ್ಬಿಯೊಳಗೆ, ಬರೀ ಟಿಶ್ಯೂ ಪೇಪರ್ ಹಾಕಿ ಮುಚ್ಚಿ, ಸೋರುತ್ತದಾ ನೋಡಲು ನೀರಿನ ಬಕೆಟ್‌ಗೆ ಬಿಟ್ಟಿದ್ದೆ. ಖಾಲಿ ಡಬ್ಬಿ, ತೇಲುತ್ತದೆ. ಅಮ್ಮನ ಶುಂಠಿ ಜಜ್ಜುವ ಕಲ್ಲನ್ನು ಮೇಲಿಟ್ಟೆ. ಕಲ್ಲು ಹುಡುಕಿಕೊಂಡು ಅಮ್ಮ ಬಂದಳು.

"ಎಂತ ಮಾಡುದು ನೀನು?"

ಹೇಳಿದೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಪೇಪರಿನ ಒಂದು ಮೂಲೆ ಒದ್ದೆ. ಎದೆ ಧಸಕ್ಕೆಂದಿತು.

ಅಮ್ಮ ಮುಚ್ಚಳದ ಓ-ರಿಂಗ್, ಆ ರಬ್ಬರಿನ ಬಳೆಯನ್ನು, ಎತ್ತಿ ನೋಡಿದಳು. "ಇದು ಕುಕ್ಕರಿನ ಗ್ಯಾಸ್ಕೆಟೇ ಅಲ್ವಾ? ಇಷ್ಟು ಎಣ್ಣೆ ಯಾಕೆ ಬಳಿದದ್ದು?"

ಎಣ್ಣೆಯಲ್ಲ, ಸಿಲಿಕೋನ್ ಗ್ರೀಸ್ ಅಂದೆ. ಆದರೆ ಅವಳು ಹೇಳಿದ್ದು ಸರಿ. ನೀರು ತಡೆಯುವುದು ರಬ್ಬರು. ಗ್ರೀಸ್ ಇರುವುದು ಅದು ಜಾರಿ ಸರಿಯಾಗಿ ಕೂರಲಿ ಅಂತ ಅಷ್ಟೇ, ಹೊಳಪು ಬರುವಷ್ಟು ಸಾಕು. ಜಾಸ್ತಿಯಾದರೆ ಮರಳು, ಕೂದಲು ಎಲ್ಲ ಅಂಟುತ್ತದೆ. ಕನ್ನಡಕ ಹಾಕಿ, ಬೆರಳಲ್ಲಿ ಸುತ್ತಲೂ ತಡವಿ ಅವಳೇ ತೆಗೆದಳು. ಬೆಕ್ಕಿನ ಕೂದಲು. ಒಂದೇ ಒಂದು.

"ಬಕೆಟಲ್ಲೇ ಹೀಗಾದ್ರೆ ಸಮುದ್ರದಲ್ಲಿ ಎಂತ ಕಥೆ?"

ಆಳದಲ್ಲಿ ಭಯ ಕಡಿಮೆ ಅಂದೆ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು, ಅದೇ ಮುಚ್ಚಳವನ್ನು ರಬ್ಬರಿಗೆ ಅದುಮಿ ಹಿಡಿಯುತ್ತದೆ. ಸಣ್ಣ ಸೋರಿಕೆ ಹೆಚ್ಚಾಗಿ ಮೇಲೆಯೇ, ನೀರಿಗಿಳಿದ ಮೊದಲ ನಿಮಿಷಗಳಲ್ಲಿ. ಅಮ್ಮ ನಂಬಲಿಲ್ಲ.

ಒರೆಸಿ, ತೆಳುವಾಗಿ ಹಚ್ಚಿ ಮತ್ತೆ ಮುಳುಗಿಸಿದೆವು. ಕಾಯುವಾಗ ಕಳೆದ ಸಲದ ಫೋಟೊ ತೋರಿಸಿದೆ. ತೋರಿಸಬಾರದಿತ್ತು.

"ಮೀನೆಲ್ಲ ಬೂದಿ ಮೆತ್ತಿದ ಹಾಗೆ ಉಂಟಲ್ಲ. ಮಲ್ಪೆಯಲ್ಲಿ ಬುಟ್ಟಿಯಲ್ಲಿಟ್ಟದ್ದೇ ಇದಕ್ಕಿಂತ ಚಂದ."

ನೀರು ಮೊದಲು ನುಂಗುವುದೇ ಕೆಂಪನ್ನು. 5 ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಮಾಯ. ಹತ್ತಿರದಿಂದ ಬೆಳಕು ಹಾಕಿದರೆ ಮಾತ್ರ ಬಣ್ಣ ವಾಪಸು ಬರುತ್ತದೆ. ನಾನೋ ಕ್ಯಾಮೆರಾದ ಫ್ಲ್ಯಾಶನ್ನೇ ನಂಬಿದ್ದೆ. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಎದುರಿನ ನೀರಿನ ಕಸವೆಲ್ಲ ಬೆಳಗಿ, ಅಕ್ಕಿಹಿಟ್ಟು ಎರಚಿದ ಹಾಗೆ ಚುಕ್ಕೆ. ಈ ಸಲ ಬಾಡಿಗೆಗೆ ಸ್ಟ್ರೋಬ್, ಅಂದರೆ ನೀರೊಳಗೆ ಬಳಸುವ ಬೇರೆ ಫ್ಲ್ಯಾಶ್, ತಂದಿದ್ದೇನೆ. ಅದನ್ನು ಲೆನ್ಸಿನಿಂದ ದೂರ, ಪಕ್ಕಕ್ಕೆ ಚಾಚಿ ಹಿಡಿಯಬೇಕು. ನಾನು ಮಾತ್ರ ಮೀನಿಗೆ ಒಂದು ಮೊಳದಷ್ಟು ಹತ್ತಿರ ಹೋಗಬೇಕು. ನೀರಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ, ಸಾಕು ಅಂದುಕೊಂಡು ಯಾವಾಗಲೂ ದೂರವೇ ನಿಂತುಬಿಡುತ್ತೇನೆ.

ಎರಡನೇ ಸಲ ಪೇಪರ್ ಒಣಗಿಯೇ ಇತ್ತು. ಆದರೂ ನಿದ್ದೆ ಬರುತ್ತಿಲ್ಲ. ಈಗ ನೋಡಿದರೆ ಬೆಕ್ಕು ಕ್ಯಾಮೆರಾ ಬ್ಯಾಗಿನೊಳಗೇ ಸುತ್ತಿಕೊಂಡು ಮಲಗಿದೆ. ಮೆಲ್ಲ ಎತ್ತಿ