ತುಂಗೆಯ ಆನೆ, ಮಲ್ಪೆಯ ಅಂಬಲಿ ಮೀನು

ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್ ದೂರದ ಸಕ್ರೆಬೈಲು ಬಿಡಾರವನ್ನು ನಾವು ತಲುಪುವ ಹೊತ್ತಿಗೆ, ಕಾಡಿನಲ್ಲಿ ಮೇಯಲು ಬಿಟ್ಟಿದ್ದ ಆನೆಗಳನ್ನು ಮಾವುತರೂ ಕಾವಾಡಿಗಳೂ ತುಂಗೆಯ ಹಿನ್ನೀರಿಗೆ ಇಳಿಸಿದ್ದರು. ಮಗ್ಗುಲಾಗಿ ಮಲಗಿ ಮೈ ತಿಕ್ಕಿಸಿಕೊಳ್ಳುತ್ತಿದ್ದ ಹೆಣ್ಣಾನೆಯೊಂದು ಮಾವುತನ ಒಂದೇ ಮಾತಿಗೆ ಮುಂಗಾಲೂರಿ ಎದ್ದಿತು. ಅಷ್ಟು ಹೊತ್ತು ನೀರು ಹೊತ್ತಿದ್ದ ಎರಡೂವರೆ ಟನ್ನಿನಷ್ಟು ಭಾರವನ್ನು ಈಗ ಕಂಬದಂತಹ ನಾಲ್ಕು ಕಾಲುಗಳ ಮೂಳೆಗಳು ವಹಿಸಿಕೊಂಡವು. ಸೊಂಡಿಲಿನಲ್ಲಿ ಮಾತ್ರ ಒಂದೂ ಮೂಳೆಯಿಲ್ಲ; ಅದರ ತುದಿಯ ಬೆರಳಿನಿಂದ ಆನೆ, ಕಲ್ಲಿಗೆ ಅಂಟಿದ್ದ ಒಂದೇ ಒಂದು ಹುಲ್ಲಿನೆಳೆಯನ್ನು ಬಿಡಿಸಿ ಬಾಯಿಗಿಟ್ಟುಕೊಂಡಿತು. ಪಕ್ಕದಲ್ಲಿ ಅದರ ಮರಿ ನಿಂತಿತ್ತು. ಆ ಒಂದು ಮರಿಗಾಗಿ ತಾಯಿ ಸುಮಾರು 22 ತಿಂಗಳು ಬಸಿರು ಹೊತ್ತಿರುತ್ತದೆ.

ಆಗುಂಬೆ ಘಾಟಿ ಇಳಿದು ಮಲ್ಪೆ ಸೇರಿದಾಗ ಸಂಜೆಯಾಗಿತ್ತು. ಇಳಿತದ ಮರಳಿನ ಮೇಲೆ, ಊಟದ ತಟ್ಟೆಯಷ್ಟು ಅಗಲದ ಅಂಬಲಿ ಮೀನೊಂದು (ಜೆಲ್ಲಿಫಿಶ್) ಚಪ್ಪಟೆಯಾಗಿ ಬಿದ್ದಿತ್ತು. ಬಗ್ಗಿ ಕೈಚಾಚಿದೆ. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು, "ಮುಟ್ಬೇಡಿ ಮಾರಾಯ್ರೆ, ಸತ್ರೂ ಉರಿಸ್ತದೆ" ಎಂದು ತಡೆದರು. ಅವರ ಮಾತು ನಿಜ. ಕುಟುಕುವ ಕಣಗಳು ಜೀವ ಹೋದ ಮೇಲೂ ಸಿಡಿಯುತ್ತವೆ.

ಹೆಸರಿಗೆ ಮೀನಾದರೂ ಇದು ಹವಳದ ನಂಟ. ಎರಡು ತೆಳುಪದರಗಳ ನಡುವೆ ಲೋಳೆ. ಮೈಯ ನೂರಕ್ಕೆ 95ರಷ್ಟು ಪಾಲು ನೀರು. ಉಣ್ಣುವುದಕ್ಕೂ ಕಸ ಹೊರಹಾಕುವುದಕ್ಕೂ ಇರುವುದು ಒಂದೇ ಬಾಯಿ. ಆನೆಯ ಸುಮಾರು ಐದು ಕಿಲೋ ತೂಕದ ಮಿದುಳಿನ ಜಾಗದಲ್ಲಿ ಇಲ್ಲಿ ಮೈಯೆಲ್ಲ ಹರಡಿದ ನರಗಳ ಬಲೆಯಿದೆ, ಹೃದಯವಿಲ್ಲ, ರಕ್ತವಿಲ್ಲ. ಇಷ್ಟರಲ್ಲೇ ಇದರ ಕುಲ 50 ಕೋಟಿ ವರ್ಷಗಳಿಂದ ಬಾಳಿದೆ. ಆನೆಯ ವಂಶಕ್ಕೆ ಆರು ಕೋಟಿ ವರ್ಷವಷ್ಟೇ. ಹಾಗಿರುವಾಗ ಇದನ್ನು ಕೀಳು ಜೀವಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಬೆಳಿಗ್ಗೆ ನೀರಿನಿಂದ ಎದ್ದ ಆನೆ ತನ್ನ ಆಕಾರದಲ್ಲಿ ಒಂದಿಷ್ಟೂ ಬದಲಾಗಿರಲಿಲ್ಲ. ಈ ಜೀವಿಗೆ ಮಾತ್ರ ಸಮುದ್ರವೇ ಎಲುಬು, ಅದು ಹಿಂದೆ ಸರಿದೊಡನೆ ಆಕಾರವೂ ಹೋಯಿತು. ಕತ್ತಲಾಗುವಾಗ ಭರತದ ಅಲೆಯೊಂದು ಅದರ ಅಡಿಗೆ ನುಗ್ಗಿತು. ಮರಳಿಗಂಟಿದ್ದ ಅಂಚು ಮೆಲ್ಲನೆ ಬಿಡಿಸಿಕೊಂಡಿತು, ನಡುಭಾಗ ಉಬ್ಬಿ ಕೊಡೆಯಂತಾಯಿತು, ಮುಂದಿನ ಅಲೆ ಅದನ್ನು ಒಯ್ದಿತು.