ಸೌದೆಯನ್ನು ನೀವೇ ಕಡಿದುಕೊಂಡರೆ ದುಡ್ಡು ಉಳಿಯುತ್ತದೆಯೇ?

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸೌದೆ ಒಲೆಯನ್ನೇ ನೆಚ್ಚಿಕೊಂಡಿದ್ದೇನೆ, ಆ ಸೌದೆಯನ್ನು ನಾನೇ ಕಡಿದುಕೊಳ್ಳುತ್ತೇನೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದರಿಂದ ನಿಜವಾಗಿ ದುಡ್ಡು ಉಳಿಯುತ್ತದೆಯೇ?’ ಉಳಿಯುತ್ತದೆ, ಆದರೆ ಬಹಳ ಮಂದಿ ಹೇಳಿಕೊಳ್ಳುವಷ್ಟಲ್ಲ.

ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗಿರುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಗಟ್ಟಿ ಜಾತಿಯ ಮರವಾದರೆ ಒಟ್ಟಿದ ಒಂದು ಘನ ಮೀಟರ್ ಒಣ ಸೌದೆ 450 ಕಿಲೋ ಆಸುಪಾಸು ತೂಗುತ್ತದೆ. ಅಂದರೆ 1,800 ಯೂನಿಟ್. ಬಾಗಿಲು ಮುಚ್ಚುವ ಒಳ್ಳೆಯ ಒಲೆ ಅದರ ಮುಕ್ಕಾಲು ಪಾಲನ್ನು ಕೋಣೆಗೆ ಕೊಟ್ಟರೆ 1,350 ಯೂನಿಟ್ ದಕ್ಕಿತು. ಇದನ್ನು ವಿದ್ಯುತ್ ದರದಿಂದ ಗುಣಿಸಿ, ಬಂದ ಮೊತ್ತವನ್ನೆಲ್ಲ ಕೊಡಲಿಯ ಗಳಿಕೆ ಎಂದು ಬರೆದುಕೊಳ್ಳುತ್ತಾರೆ. ಅದು ಸೌದೆ ಉರಿಸಿದ್ದರ ಗಳಿಕೆಯೇ ಹೊರತು ಕಡಿದದ್ದರದಲ್ಲ. ಸೀಳಿ ಒಣಗಿಸಿದ ಸೌದೆಯನ್ನು ಕೊಂಡು ತಂದಿದ್ದರೂ ಒಲೆ ಅಷ್ಟೇ ಶಾಖ ಕೊಡುತ್ತಿತ್ತು. ಮನೆ ಬಾಗಿಲಿಗೆ ಬಂದು ಬೀಳುವ ಸಿದ್ಧ ಸೌದೆಯ ದರದಲ್ಲಿ ನಮ್ಮ ಖರ್ಚನ್ನು ಕಳೆದರೆ ಏನು ಮಿಗುತ್ತದೆಯೋ ಅಷ್ಟೇ ನಮ್ಮ ದುಡಿಮೆಯ ಬೆಲೆ.

ಖರ್ಚೆಂದರೆ ಮರದ ಬೆಲೆಯೊಂದೇ ಅಲ್ಲ. ಚೈನ್‌ಸಾ, ಅದರ ಪೆಟ್ರೋಲು ಮತ್ತು ಎಣ್ಣೆ, ಸವೆಯುವ ಸರಪಳಿ, ಅರ, ಬೆಣೆ, ಸಾಗಣೆ ಎಲ್ಲವೂ ಸೇರುತ್ತವೆ. ಹೆಲ್ಮೆಟ್ಟನ್ನೂ ಕಾಲು ಕಾಯುವ ಪ್ಯಾಂಟನ್ನೂ ಉಳಿತಾಯದ ಹೆಸರಿನಲ್ಲಿ ಕೈಬಿಡುವವರ ಲೆಕ್ಕವನ್ನು ನಾನು ಲೆಕ್ಕವೆಂದೇ ಒಪ್ಪುವುದಿಲ್ಲ.

ಇನ್ನು ಸಮಯ. ಅರ್ಧದಷ್ಟು ತೂಕ ನೀರೇ ಆಗಿರುವ ಹಸಿ ಸ್ಥಿತಿಯಲ್ಲಿ ಅದೇ ಒಂದು ಘನ ಮೀಟರ್ ಸೌದೆ 700 ಕಿಲೋ ಮೀರುತ್ತದೆ. ಕಡಿದ ಜಾಗದಿಂದ ಗಾಡಿಗೆ, ಗಾಡಿಯಿಂದ ಅಂಗಳಕ್ಕೆ, ಅಲ್ಲಿಂದ ಸೀಳುವ ಕೊರಡಿನ ಮೇಲಕ್ಕೆ, ಬಳಿಕ ಒಟ್ಟಿಲಿಗೆ, ಒಣಗಿದ ಮೇಲೆ ಜಗುಲಿಗೆ, ಕೊನೆಗೆ ಒಲೆಗೆ ಎಂದು ಪ್ರತಿ ತುಂಡನ್ನೂ ಆರು ಸಲ ಎತ್ತುತ್ತೇವೆ. ಗಡಿಯಾರ ನೋಡಿ ಬರೆದಿಟ್ಟಾಗ, ಸರಪಳಿ ಹರಿತ ಮಾಡಿದ ಹೊತ್ತನ್ನು ಬಿಟ್ಟೂ ನನಗೆ ಘನ ಮೀಟರಿಗೆ 6 ಗಂಟೆ ಹಿಡಿದಿತ್ತು. ಮಿಕ್ಕ ಹಣವನ್ನು ಆರರಿಂದ ಭಾಗಿಸಿದಾಗ ಬಂದ ಕೂಲಿಗೆ ಬೇರೆಯವರ ಮನೆಯಲ್ಲಿ ದುಡಿಯಲು ನಾನು ಖಂಡಿತ ಒಪ್ಪುತ್ತಿರಲಿಲ್ಲ. ಆದರೆ ಆ ಗಂಟೆಗಳು ರಜೆಯ ದಿನದವು, ಅವನ್ನು ಕೊಳ್ಳಲು ಯಾರೂ ಕಾದು ನಿಂತಿರಲಿಲ್ಲ. ಸಂಬಳದ ಕೆಲಸ ಬಿಟ್ಟು ಕಡಿದಿದ್ದರೆ ಅದು ನಷ್ಟವೇ.

ಲೆಕ್ಕ ಪೂರ್ತಿ ಕೆಡುವುದು ಮಾತ್ರ ಹಸಿ ಸೌದೆಯಿಂದ. ಹಸಿ ಸೌದೆಯಲ್ಲಿ ಅರ್ಧ ಶಾಖವೂ ಇಲ್ಲ ಎನ್ನುವ ಮಾತು ಕಿಲೋ ಲೆಕ್ಕದಲ್ಲಿ ಹೆಚ್ಚುಕಡಿಮೆ ನಿಜ, ಆದರೆ ಆ ಕಿಲೋದಲ್ಲಿ ಅರ್ಧ ನೀರೇ ಇರುತ್ತದೆ. ಒಂದೇ ತುಂಡನ್ನು ಒಣಗಿಸುವ ಬದಲು ಹಸಿಯಾಗಿಯೇ ಉರಿಸಿದರೆ, ನೀರನ್ನು ಆವಿ ಮಾಡಲು ತಗಲುವ ಹೆಚ್ಚಿನ ಶಾಖ ಹತ್ತರಲ್ಲೊಂದು ಪಾಲಿನಷ್ಟೇ. ದೊಡ್ಡ ನಷ್ಟವಾಗುವುದು ಬೇರೆ ಕಡೆ: ಬೆಂಕಿ ಕಾವೇರದೆ ಹೊಗೆ ಅರೆಬೆಂದು ಮೇಲಕ್ಕೆ ಹೋಗುತ್ತದೆ, ಶಾಖವಾಗಬೇಕಿದ್ದದ್ದು ಚಿಮಣಿಯ ಗೋಡೆಗೆ ಟಾರಿನಂತೆ ಅಂಟುತ್ತದೆ, ಮುಂದೊಂದು ದಿನ ಅದಕ್ಕೇ ಕಿಡಿ ತಾಗಬಹುದು. ಮೊದಲ ವರ್ಷ ಕಡಿದ ತಿಂಗಳಲ್ಲೇ ಉರಿಸಿದ ನನ್ನ ಒಲೆಯ ಗಾಜು ಎರಡು ದಿನಕ್ಕೆ ಕಪ್ಪಾಗಿ, ತುಂಡುಗಳ ತುದಿಯಲ್ಲಿ ನೀರು ನೊರೆನೊರೆಯಾಗಿ ಕುದಿಯುತ್ತಿತ್ತು. ಈಗ ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡುತ್ತೇನೆ: ಒಣಗಿದ್ದರೆ ಟಣ್ಣನೆ ದನಿ ಬರುತ್ತದೆ, ಹಸಿಯಿದ್ದರೆ ದಬ್ಬೆನ್ನುತ್ತದೆ.

ಗಟ್ಟಿ ಮರ ಹಾಗೆ ದನಿ ಕೊಡಲು, ಸೀಳಿ ಗಾಳಿಯಾಡುವಂತೆ ಒಟ್ಟಿಟ್ಟರೂ, ಒಂದರಿಂದ ಎರಡು ವರ್ಷ ಬೇಕು. ಆದ್ದರಿಂದ ಈಗ ಕೊಡಲಿ ಕೊಳ್ಳುವವರು ಮೊದಲ ಚಳಿಗಾಲದ ಸೌದೆಯನ್ನೂ ಕೊಂಡೇ ತರಬೇಕಾಗುತ್ತದೆ. ಆ ವರ್ಷ ಎರಡೂ ಖರ್ಚುಗಳು ಒಟ್ಟಿಗೇ ಬೀಳುತ್ತವೆ.